ಗ್ರಂಥಾಲಯದ ಕೀಲಿ ಯಾರ ಕೈಯಲ್ಲಿ?

ಹಳ್ಳಿಯ ಗ್ರಂಥಾಲಯದ ಬಾಗಿಲು ತೆಗೆಯುವವರಿಗೆ ಈಗ ಬರಿಯ ಬೀಗದ ಕೈ ಸಾಲದು. ಮೇಜಿನ ಮೇಲೆ ಗಣಕಯಂತ್ರ ಬಂದಿದೆ, ಜೇಬಿನಲ್ಲಿ ಮೊಬೈಲಿದೆ, ತಲೆಯ ಮೇಲೆ ಸುತ್ತೋಲೆಯಿದೆ. ಪುಸ್ತಕಗಳ ಪಟ್ಟಿಯನ್ನು ಗಣಕಕ್ಕೆ ಏರಿಸಬೇಕು. ಮಕ್ಕಳನ್ನು ಸದಸ್ಯರಾಗಿ ನೋಂದಾಯಿಸಬೇಕು. ಡಿಜಿಟಲ್ ಗ್ರಂಥಾಲಯವನ್ನು ತೆರೆದು ತೋರಿಸಬೇಕು. ಕಾರ್ಯಕ್ರಮ ನಡೆದರೆ ಫೋಟೋ ಹಿಡಿದು ಅಂದೇ ಮೇಲಕ್ಕೆ ಕಳುಹಿಸಬೇಕು. ಎಲ್ಲವನ್ನೂ ಕಲಿಯಿರಿ, ಬೇಗ ಕಲಿಯಿರಿ, ನಿಮ್ಮಷ್ಟಕ್ಕೆ ನೀವೇ ಕಲಿಯಿರಿ ಎಂಬುದು ಅಧಿಕಾರಸ್ಥರ ಅಪ್ಪಣೆ. ಕಲಿಯಲು ಬೇಕಾದ ಹೊತ್ತು ಯಾರದು, ಯಂತ್ರ ಕೆಟ್ಟರೆ ದುರಸ್ತಿಯ ಖರ್ಚು ಯಾರದು, ಕಲಿತ ವಿದ್ಯೆಯ ಫಲ ಯಾರಿಗೆ ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆ ಮಾತನ್ನು ನಾವು ಎತ್ತುತ್ತೇವೆ.

ಕಾವೇರಿಯ ದಂಡೆಯ ಕೊಣನೂರನ್ನೇ ತೆಗೆದುಕೊಳ್ಳಿ. ಅರಕಲಗೂಡು ತಾಲ್ಲೂಕಿನ ಹೋಬಳಿ ಊರು. ಸುತ್ತಿನ ಹೊಲಗಳ ಹೊಗೆಸೊಪ್ಪು ರಾಮನಾಥಪುರದ ಹರಾಜು ಕಟ್ಟೆಗೆ ಹೋಗುತ್ತದೆ. ಹುಡುಗರು, ಹುಡುಗಿಯರು ಹಾಸನದ ಜವಳಿ ಕಾರ್ಖಾನೆಗಳಿಗೋ ಮೈಸೂರು, ಬೆಂಗಳೂರುಗಳಿಗೋ ದುಡಿಮೆಗೆ ಹೋಗುತ್ತಾರೆ. ಊರಲ್ಲುಳಿದವರು ಅಂಗಡಿಯಿಟ್ಟುಕೊಂಡು ಬದುಕುತ್ತಾರೆ. ಇಂಥ ಊರಿನಲ್ಲಿ ಕಾಸು ಕೊಡದೆ ಕೂರಬಹುದಾದ, ಜಾತಿ ಕೇಳದ, ಏನನ್ನೂ ಮಾರದ ಸಾರ್ವಜನಿಕ ಜಾಗಗಳು ಎಷ್ಟಿವೆ? ಬೆರಳು ಮಡಿಸಿ ಎಣಿಸಿ ನೋಡಿ. ಗ್ರಂಥಾಲಯವೊಂದನ್ನು ಬಿಟ್ಟರೆ ಎರಡನೆಯ ಬೆರಳು ಮಡಿಸುವುದು ಕಷ್ಟ. ಆದುದರಿಂದ ಅಲ್ಲಿಗೆ ಬಂದ ಹೊಸ ಯಂತ್ರ ಯಾರಿಗೆ ದುಡಿಯುತ್ತದೆ ಎಂಬುದು ಗ್ರಂಥಪಾಲಕರ ನೌಕರಿಯ ಪ್ರಶ್ನೆ ಮಾತ್ರವಲ್ಲ, ಗಿರಣಿಯ ಆಳಿನ ಹಾಗೂ ಅಂಗಡಿಯವನ ಪ್ರಶ್ನೆಯೂ ಹೌದು.

ಪಟ್ಟಣದ ಕೆಲವು ಬುದ್ಧಿವಂತರು ಕೇಳುತ್ತಾರೆ: “ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಗ್ರಂಥಾಲಯವೇಕೆ, ಗ್ರಂಥಪಾಲಕನಿಗೆ ಸಂಬಳವೇಕೆ?” ಈ ಮಹಾಶಯರು ಒಮ್ಮೆ 2023ರ ಜೂನ್, ಜುಲೈ ತಿಂಗಳುಗಳನ್ನು ನೆನೆಯಲಿ. ಗೃಹಜ್ಯೋತಿ, ಗೃಹಲಕ್ಷ್ಮಿ ಅರ್ಜಿಗಳ ಕಾಲದಲ್ಲಿ ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಸಾಲು ನಿಂತರು. “ಸರ್ವರ್ ಇಲ್ಲ” ಎಂಬ ಎರಡು ಮಾತು ಕೇಳಿ ಬರಿಗೈಯಲ್ಲಿ ಮನೆಗೆ ಹೋದರು. ಆ ಸಾಲಿನಲ್ಲಿ ನಿಂತವರ ಮನೆಗಳಲ್ಲಿ ಮೊಬೈಲು ಇರಲಿಲ್ಲವೇ? ಬಹುಪಾಲು ಮನೆಗಳಲ್ಲಿ ಇತ್ತು. ಮೊಬೈಲು ಇರುವುದು ಬೇರೆ, ಅದರಿಂದ ತನ್ನ ಹಕ್ಕನ್ನು ಪಡೆಯಲು ಬಲ್ಲುದು ಬೇರೆ. ಈ ಎರಡರ ನಡುವಿನ ಕಂದಕಕ್ಕೆ ಸೇತುವೆಯಾಗಿ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಪ್ರತಿ ಅರ್ಜಿಗೂ ಹಣ ಎಣಿಸುವ ಮಧ್ಯಸ್ಥನಾಗಬೇಕೋ, ಸಾರ್ವಜನಿಕ ಹಣದಿಂದ ಸಂಬಳ ಪಡೆದು ಎಲ್ಲರಿಗೂ ಸಮನಾಗಿ ದುಡಿಯುವ ಗ್ರಂಥಪಾಲಕನಾಗಬೇಕೋ? ಪ್ರಶ್ನೆ ಇಷ್ಟೇ.

ನಮ್ಮ ಪಾಳೆಯದಲ್ಲೇ ಇನ್ನೊಂದು ದನಿಯೂ ಇದೆ. ಯಂತ್ರವೆಂದರೆ ಕೆಲಸ ಕಸಿಯುವುದು, ಆದ್ದರಿಂದ ಗ್ರಂಥಾಲಯಕ್ಕೆ ಯಂತ್ರವೇ ಬೇಡ ಎಂಬುದು ಆ ದನಿ. ಗಿರಣಿಯ ಅನುಭವ ಉಳ್ಳವರಿಗೆ ಇದರ ಉತ್ತರ ತಿಳಿದಿದೆ. ಮಗ್ಗ ತಾನಾಗಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ತೆಗೆದದ್ದು ಮಗ್ಗದ ಒಡೆಯ. ಒಬ್ಬ ಆಳು ಎರಡು ಮಗ್ಗದ ಬದಲು ಎಂಟನ್ನು ನೋಡಿಕೊಂಡಾಗ ಹುಟ್ಟಿದ ಲಾಭ ಯಾರ ಪೆಟ್ಟಿಗೆಗೆ ಹೋಯಿತು ಎಂಬಲ್ಲಿ ಜಗಳವಿದೆಯೇ ಹೊರತು ನೂಲಿನಲ್ಲಾಗಲಿ ಕಬ್ಬಿಣದಲ್ಲಾಗಲಿ ಇಲ್ಲ. 1910ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕನನ್ನು ಕರೆಸಿ ಸಂಸ್ಥಾನದ ಊರೂರಿಗೆ ಗ್ರಂಥಾಲಯ ಕಟ್ಟಿಸಿದಾಗ, ಕಾರ್ಡಿನ ಪಟ್ಟಿ, ವರ್ಗೀಕರಣದ ಸಂಖ್ಯೆ ಇವೆಲ್ಲ ಹೊಸ ವಿದ್ಯೆಯೇ ಆಗಿದ್ದುವು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಪಂಚಸೂತ್ರಗಳಲ್ಲಿ ಓದುಗನ ಹೊತ್ತು ಹಾಳಾಗಬಾರದೆಂಬುದೂ ಒಂದು. ಕೊಣನೂರಿನ ಹುಡುಗನೊಬ್ಬ ತನಗೆ ಬೇಕಾದ ಪುಸ್ತಕ ಅರಕಲಗೂಡಿನಲ್ಲಿದೆಯೋ ಹಾಸನದಲ್ಲಿದೆಯೋ ಎಂಬುದನ್ನು ಬಸ್ಸಿನ ಖರ್ಚಿಲ್ಲದೆ, ಕೂತಲ್ಲಿಯೇ ತಿಳಿಯುವಂತಾದರೆ ಆ ಸೂತ್ರಕ್ಕೆ ಅದಕ್ಕಿಂತ ಒಳ್ಳೆಯ ಪಾಲನೆ ಯಾವುದು? ಯಂತ್ರ ಬರಲಿ. ಆದರೆ ಯಾವ ಯಂತ್ರ?

ಇಲ್ಲಿ ಎರಡು ಜಾತಿಯ ಯಂತ್ರಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಓದುಗನಿಗೆ ದುಡಿಯುವುದು. ಇನ್ನೊಂದು, ದುಡಿಯುವವನ ಮೇಲೆ ಕಣ್ಣಿಡುವುದು. ಪುಸ್ತಕ ಹುಡುಕಿಕೊಡುವ ಪಟ್ಟಿ, ಹಳೆಯ ಗ್ರಂಥಗಳನ್ನು ತೆರೆದು ತೋರಿಸುವ ಜಾಲತಾಣ, ಕುರುಡರಿಗೆ ಪುಟವನ್ನು ಓದಿ ಹೇಳುವ ಸಾಧನ ಇವು ಮೊದಲನೆಯ ಜಾತಿ. ಇಷ್ಟು ಗಂಟೆಗೆ ಬಾಗಿಲು ತೆಗೆದೆ ಎಂಬ ಫೋಟೋ, ಇಷ್ಟು ಮಕ್ಕಳು ಬಂದರು ಎಂಬ ಫೋಟೋ, ಗುಂಪಿಗೆ ಹಾಕಿದ ಫೋಟೋವನ್ನು ಮತ್ತೆ ತಂತ್ರಾಂಶಕ್ಕೆ ಏರಿಸಿದೆ ಎಂಬ ವರದಿ ಇವು ಎರಡನೆಯ ಜಾತಿ. ಮೊದಲನೆಯದನ್ನು ಕಲಿಸಲು ವಾರಗಟ್ಟಲೆ ತರಬೇತಿ ಬೇಕು, ಗುರು ಬೇಕು, ಹಣ ಬೇಕು. ಎರಡನೆಯದಕ್ಕೆ ಒಂದು ವಾಟ್ಸಾಪ್ ಗುಂಪೂ ಒಂದು ಗದರಿಕೆಯೂ ಸಾಕು. ಯಾವುದು ಅಗ್ಗವೋ ಅದೇ ಮೊದಲು ಹಳ್ಳಿಗೆ ಬರುತ್ತದೆ. ಆಮೇಲೆ “ಗ್ರಂಥಾಲಯ ಡಿಜಿಟಲ್ ಆಯಿತು” ಎಂದು ಬ್ಯಾನರು ಕಟ್ಟುತ್ತಾರೆ.

ಕಲಿತ ಯಂತ್ರ ಕಣ್ಣಾಗಿ ತಿರುಗಿದರೆ ಹೇಗಿರುತ್ತದೆ ಎಂಬುದನ್ನು ಸಣ್ಣ ವ್ಯಾಪಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಗದು ಬೇಡ, ಯುಪಿಐ ಹಾಕಿಸಿಕೊಳ್ಳಿ, ಅದೇ ದೇಶಸೇವೆ ಎಂದು ಉಪದೇಶ ಮಾಡಿದರು. ಬೇಕರಿಯವನೂ ತರಕಾರಿಯವಳೂ ಚೌಕದ ಚೀಟಿ ಅಂಟಿಸಿಕೊಂಡರು, ತಮ್ಮ ಹೊತ್ತಿನಲ್ಲಿ, ತಮ್ಮ ಮಕ್ಕಳಿಂದ ಕೇಳಿ ಕಲಿತರು. 2025ರ ಜುಲೈಯಲ್ಲಿ ಅದೇ ಚೀಟಿಯ ಲೆಕ್ಕ ಹಿಡಿದು ಕರ್ನಾಟಕದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯ ನೋಟೀಸು ಬಂದಿತು. ವ್ಯಾಪಾರಿಗಳು ಚೀಟಿ ಕಿತ್ತುಹಾಕಿ ಕೂಗೆಬ್ಬಿಸಿದ ಮೇಲೆಯೇ ಸರಕಾರ ಹಳೆಯ ಬಾಕಿಯ ಮಾತಿನಿಂದ ಹಿಂದೆಗೆಯಿತು. ತೆರಿಗೆ ಕೊಡಬಾರದೆಂದು ನಾವು ಹೇಳುತ್ತಿಲ್ಲ. ಕಲಿಯುವ ಭಾರವನ್ನೆಲ್ಲ ಕೆಳಗಿನವನ ಮೇಲೆ ಹೊರಿಸಿ, ಕಲಿತದ್ದರ ಲೆಕ್ಕವನ್ನೆಲ್ಲ ಮೇಲಿನವನ ಕೈಗೆ ಕೊಡುವ ಕ್ರಮ ಇದು, ಅಂಗಡಿಯಲ್ಲೂ ಇದೇ, ಗ್ರಂಥಾಲಯದಲ್ಲೂ ಇದೇ ಎನ್ನುತ್ತಿದ್ದೇವೆ.

ಈಗ ಗ್ರಂಥಪಾಲಕರ ಸ್ಥಿತಿಯನ್ನು ನೋಡಿರಿ. ಕರ್ನಾಟಕದ ಐದು ಸಾವಿರಕ್ಕೂ ಮಿಕ್ಕ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವರ್ಗಾಯಿಸಿದರು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಬಂದಿತು. ಲಕ್ಷಗಟ್ಟಲೆ ಮಕ್ಕಳು ಉಚಿತ ಸದಸ್ಯರಾದರು. ಮುಂದೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಚೆಂದದ ಹೆಸರೂ ಬಂದಿತು. ಒಳ್ಳೆಯದಾಯಿತು, ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಆ ಮಕ್ಕಳ ಹೆಸರನ್ನೆಲ್ಲ ಬರೆದವರು ಯಾರು? ವರ್ಷಾನುಗಟ್ಟಲೆ ‘ಗೌರವಧನ’ವೆಂಬ ಹೆಸರಿನಲ್ಲಿ ಚಿಲ್ಲರೆ ಹಣ ಪಡೆದು ದುಡಿದ ಮೇಲ್ವಿಚಾರಕರು. ಅವರನ್ನು ಗ್ರಂಥಪಾಲಕರೆಂದು ಕರೆಯಲೂ ಸರಕಾರಕ್ಕೆ ಮನಸ್ಸಿಲ್ಲ. ಕರೆದರೆ ಆ ಹುದ್ದೆಯ ಸಂಬಳ ಕೊಡಬೇಕಾದೀತಲ್ಲ! ಕನಿಷ್ಠ ವೇತನದ ಮಾತು ಬಂದದ್ದೂ ಅವರು ಬೀದಿಗಿಳಿದು ಕೇಳಿದ ಮೇಲೆಯೇ. ಗೌರವ ಬಾಯಲ್ಲಿ, ಧನ ಇನ್ನೆಲ್ಲೋ! ಇಂಥವರಿಗೆ “ರಾತ್ರಿ ಮನೆಯಲ್ಲಿ ಕೂತು ನಿಮ್ಮ ಮೊಬೈಲಿನಲ್ಲಿ, ನಿಮ್ಮ ಡೇಟಾ ಹಾಕಿಸಿಕೊಂಡು ಕಲಿಯಿರಿ” ಎನ್ನುವುದು ಯಾವ ನ್ಯಾಯ? ಗಿರಣಿಯ ಮಾಲಿಕ ಆಳಿಗೆ “ನಿನ್ನ ಮನೆಯಿಂದಲೇ ಲಾಳಿ ತಂದುಕೋ” ಎಂದರೆ ನಾವು ಸುಮ್ಮನಿರುತ್ತಿದ್ದೆವೇ?

ಹಣವಿಲ್ಲ ಎಂಬುದು ಎಂದಿನ ಉತ್ತರ. ಹಣವಿದೆ. ನಿಮ್ಮ ಮನೆಯ, ಅಂಗಡಿಯ ಕಂದಾಯದ ರಸೀದಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿ. ಅದರಲ್ಲಿ ‘ಗ್ರಂಥಾಲಯ ಕರ’ ಎಂಬ ಸಾಲಿದೆ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಬರುವ ಈ ಕರ ಈಗ ಆಸ್ತಿ ತೆರಿಗೆಯ ಶೇಕಡಾ 6. ಸಾವಿರ ರೂಪಾಯಿ ತೆರಿಗೆ ಕಟ್ಟಿದವನು ಅರವತ್ತು ರೂಪಾಯಿಯನ್ನು ಪುಸ್ತಕಕ್ಕೆಂದೇ ಕೊಟ್ಟಿದ್ದಾನೆ. ಒಮ್ಮೆಯೂ ಗ್ರಂಥಾಲಯದ ಹೊಸ್ತಿಲು ತುಳಿಯದವನೂ ಕೊಟ್ಟಿದ್ದಾನೆ. ಸ್ಥಳೀಯ ಸಂಸ್ಥೆಗಳು ಈ ಹಣವನ್ನು ವಸೂಲು ಮಾಡಿಕೊಂಡು ಗ್ರಂಥಾಲಯಕ್ಕೆ ಕೊಡದೆ ಬಾಕಿ ಉಳಿಸಿಕೊಳ್ಳುವುದು ರಾಜ್ಯದಲ್ಲಿ ಹಳೆಯ ರೋಗ. ರಾಜಧಾನಿಯ ಮಹಾನಗರ ಪಾಲಿಕೆಯೇ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ?

ದಿಲ್ಲಿಯಲ್ಲೂ ಹಣವಿದೆ. ‘ಒಂದು ದೇಶ ಒಂದು ಚಂದಾ’ ಎಂಬ ಯೋಜನೆಗೆ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2025ರ ಜನವರಿಯಿಂದ ಅದು ಜಾರಿಗೆ ಬಂದಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅದು 30 ದೊಡ್ಡ ಪ್ರಕಾಶಕ ಸಂಸ್ಥೆಗಳ ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳಲ್ಲಿ ಓದುವ ಹಕ್ಕಿನ ಬೆಲೆ. ಸಂಶೋಧನೆಗೆ ಹಣ ಬೇಡವೆಂದು ನಾವು ಹೇಳುವವರಲ್ಲ. ಹಳ್ಳಿಯ ಹುಡುಗಿಗೂ ದಿಲ್ಲಿಯ ಪ್ರಾಧ್ಯಾಪಕನಿಗೂ ಒಂದೇ ಪತ್ರಿಕೆ ಸಿಕ್ಕುವುದು ಒಳ್ಳೆಯದೇ. ಆದರೆ ಒಂದು ವಿಚಿತ್ರ ನೋಡಿ. ಆ ಪತ್ರಿಕೆಗಳಿಗೆ ಬರೆಯುವವರಲ್ಲಿ ಬಹುಮಂದಿ ಜನರ ತೆರಿಗೆಯಿಂದಲೇ ಸಂಬಳ ಪಡೆಯುವ ವಿದ್ವಾಂಸರು. ಬರಹಕ್ಕೆ ಪ್ರಕಾಶಕ ಅವರಿಗೆ ಕಾಸು ಕೊಡುವುದಿಲ್ಲ. ಆಮೇಲೆ ಅದೇ ಬರಹವನ್ನು ಅದೇ ಜನರ ತೆರಿಗೆಗೆ ಮಾರುತ್ತಾನೆ! ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಇಷ್ಟು ಬೆಲೆ ತೆತ್ತು ತಂದ ಭಂಡಾರದ ಬಾಗಿಲನ್ನು ಹಳ್ಳಿಗಾಡಿನ ಕಾಲೇಜಿನ ವಿದ್ಯಾರ್ಥಿಗೆ ತೆರೆದು ತೋರಿಸಬೇಕಾದವರು ಆ ಕಾಲೇಜಿನ ಗ್ರಂಥಪಾಲಕರು. ಅವರ ತರಬೇತಿಗೆ ಕೇಳಿದರೆ ಮಾತ್ರ ಖಜಾನೆ ಬರಿದು.

ತಂತ್ರಾಂಶವೆಂದ ಕೂಡಲೇ ದೊಡ್ಡ ಕಂಪನಿಯ ಬಾಗಿಲಲ್ಲಿ ನಿಲ್ಲಬೇಕೆಂಬ ಭ್ರಮೆಯೂ ಇದೆ. ಅದಕ್ಕೆ ನ್ಯೂಜಿಲೆಂಡಿನಿಂದ ಬಂದ ಉತ್ತರವೊಂದನ್ನು ನಮ್ಮ ಓದುಗರು ತಿಳಿಯಬೇಕು. ಅಲ್ಲಿ ಹೋರೊವೆನುವಾ ಎಂಬ ಹಳ್ಳಿಗಾಡಿನ ಪ್ರಾಂತದ ಗ್ರಂಥಾಲಯ ಟ್ರಸ್ಟಿನ ಹಳೆಯ ಗಣಕ ವ್ಯವಸ್ಥೆ 2000ನೆಯ ಇಸವಿ ಬಂದರೆ ನಿಂತುಹೋಗುವಂತಿತ್ತು. ಅವರು ದುಬಾರಿ ತಂತ್ರಾಂಶ ಕೊಳ್ಳಲಿಲ್ಲ. 1999ರಲ್ಲಿ ಕಟಿಪೊ ಎಂಬ ಸಣ್ಣ ಸಂಸ್ಥೆಯಿಂದ ಹೊಸದನ್ನು ಬರೆಯಿಸಿ, 2000ದ ಜನವರಿಯಲ್ಲಿ ಬಳಕೆಗೆ ತಂದರು. ಬರೆಯಿಸಿದ್ದನ್ನು ಬಚ್ಚಿಡದೆ ಲೋಕಕ್ಕೆಲ್ಲ ಉಚಿತವಾಗಿ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಲಿ, ತಿದ್ದಲಿ, ತಿದ್ದಿದ್ದನ್ನು ಮತ್ತೆ ಹಂಚಲಿ ಎಂಬುದು ಕರಾರು. ಅದಕ್ಕೆ ಅವರಿಟ್ಟ ಹೆಸರು ‘ಕೋಹಾ’. ಮಾವೊರಿ ಜನರ ಮಾತಿನಲ್ಲಿ ಕೊಡುಗೆ ಎಂದರ್ಥ, ನಮ್ಮಲ್ಲಿ ಮುಯ್ಯಿ ಎನ್ನುತ್ತೇವಲ್ಲ, ಆ ಭಾವ. ಮುಂದೆ 2011ರ ವೇಳೆಗೆ ಅಮೆರಿಕದ ಕಂಪನಿಯೊಂದು ಆ ಹೆಸರನ್ನೇ ನ್ಯೂಜಿಲೆಂಡಿನಲ್ಲಿ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಳ್ಳಲು ಹೊರಟಾಗ ದೇಶದೇಶದ ಗ್ರಂಥಪಾಲಕರು ಒಟ್ಟಾಗಿ ಪ್ರತಿಭಟಿಸಿದರು. ಕಡೆಗೆ ಅರ್ಜಿ ತಿರಸ್ಕೃತವಾಯಿತು. ಇಂದು ನಮ್ಮ ದೇಶದ ಅನೇಕ ವಿಶ್ವವಿದ್ಯಾನಿಲಯಗಳೂ ಕೋಹಾವನ್ನೇ ಬಳಸುತ್ತವೆ. ಹಳ್ಳಿಗಾಡಿನ ಗ್ರಂಥಾಲಯವೊಂದು ಲೋಕಕ್ಕೆ ಯಂತ್ರ ಕೊಡಬಲ್ಲುದಾದರೆ, ಹಳ್ಳಿಗಾಡಿನ ಗ್ರಂಥಪಾಲಕರು ಅದನ್ನು ಕಲಿಯಲಾರರೆಂದು ಹೇಳುವವರು ಯಾರು?

ಯಂತ್ರ ಬಂದರೂ ಅದರೊಳಗೆ ಕನ್ನಡ ಎಷ್ಟಿದೆ ಎಂಬುದು ಮುಂದಿನ ಮಾತು. 2020ರಲ್ಲಿ ಸರಕಾರ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವನ್ನು ತೆರೆಯಿತು. ಆ ವರ್ಷದ ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದ ಕಾಲಕ್ಕೆ ಅದು ಬಹಳ ಜನಕ್ಕೆ ನೆರವಾಯಿತು. ಆದರೆ ಅರಕಲಗೂಡಿನ ಹೆಸರನ್ನೇ ತಮ್ಮ ಹೆಸರಿನ ಮೊದಲ ಅಕ್ಷರವಾಗಿ ಹೊತ್ತ ಅ.ನ.ಕೃ. ಅವರ ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಅವರ ತಾಲ್ಲೂಕಿನ ಹುಡುಗನಿಗೆ ಪರದೆಯ ಮೇಲೆ ಉಚಿತವಾಗಿ, ಕಾನೂನಿಗೆ ತಪ್ಪದೆ ಒದಗಿಸಬೇಕೆಂದರೆ ಗ್ರಂಥಪಾಲಕರ ಕೈ ಕಟ್ಟಿದೆ. ನಮ್ಮಲ್ಲಿ ಲೇಖಕ ತೀರಿಕೊಂಡ ಮೇಲೆ ಅರುವತ್ತು ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಬರಹ 2024ರಿಂದ ಎಲ್ಲರ ಸೊತ್ತಾಯಿತು. 1971ರಲ್ಲಿ ತೀರಿಕೊಂಡ ಅ.ನ.ಕೃ. ಅವರದು 2032ರವರೆಗೆ ಕಾಯಬೇಕು. ನೆರೆಯ ತಮಿಳುನಾಡು ಹೀಗೆ ಕಾಯುತ್ತ ಕೂರಲಿಲ್ಲ. ಭಾರತಿಯವರ ಕೃತಿಗಳನ್ನು 1949ರಲ್ಲೇ ನಾಡಿನ ಸೊತ್ತಾಗಿಸಿದರು. ಮುಂದೆ ಭಾರತಿದಾಸನ್, ಅಣ್ಣಾದೊರೆ, ಕಲ್ಕಿ ಮೊದಲಾದವರ ಬರಹಗಳಿಗೂ ಹಾಗೆಯೇ ಮಾಡಿ, ಹಕ್ಕುದಾರರಿಗೆ ಸರಕಾರದಿಂದ ಹಣ ಕೊಟ್ಟರು. ಲೇಖಕನ ಮನೆಯವರಿಗೆ ನಷ್ಟವಿಲ್ಲ, ಓದುಗನಿಗೆ ಅಡ್ಡಿಯಿಲ್ಲ. ರಾಜ್ಯೋತ್ಸವದ ವೇದಿಕೆಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಕರ್ನಾಟಕ ಇದಕ್ಕೇಕೆ ಇಡಬಾರದು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ, ಒಳಗೆ ಕನ್ನಡದ ಪುಸ್ತಕವಿಲ್ಲದ ಯಂತ್ರಕ್ಕೆ ಕನ್ನಡದ ಬಾವುಟ ಕಟ್ಟಿದರೆ ಬಂದ ಭಾಗ್ಯವೇನು?

ಗ್ರಂಥಪಾಲಕರಿಗೂ ಒಂದು ಮಾತು ಹೇಳಬೇಕು, ನಿಷ್ಠುರವಾದರೂ ಹೇಳಬೇಕು. ಯಂತ್ರ ತನಗೆ ಬಾರದೆಂದು ಅದಕ್ಕೆ ಬಟ್ಟೆ ಮುಚ್ಚಿ ಬೀರುವಿನಲ್ಲಿಡುವವರು ನಿಮ್ಮಲ್ಲಿ ಇಲ್ಲದಿಲ್ಲ. ಬಂದ ಹುಡುಗನಿಗೆ “ಮುಟ್ಟಬೇಡ, ಕೆಟ್ಟರೆ ಯಾರು ಕೊಡುತ್ತಾರೆ?” ಎಂದು ಗದರುವವರೂ ಉಂಟು. ಕೆಟ್ಟರೆ ನಿಮ್ಮ ಮೇಲೆಯೇ ಬರುತ್ತದೆಂಬ ಭಯ ನಮಗೆ ಅರ್ಥವಾಗುತ್ತದೆ. ಆ ಭಯವನ್ನು ಹುಟ್ಟಿಸಿದ್ದೇ ಈ ಆಡಳಿತ. ಆದರೆ ಭಯಕ್ಕೆ ಮದ್ದು ಬೀಗವಲ್ಲ, ಸಂಘಟನೆ. ಹೊಗೆಸೊಪ್ಪಿನ ಬೆಳೆಗಾರ ಹರಾಜು ಕಟ್ಟೆಯಲ್ಲಿ ಬಂದ ಯಂತ್ರದ ಬಿಡ್ಡನ್ನು ಓದಲು ಕಲಿತ, ಏಕೆಂದರೆ ಕಲಿಯದಿದ್ದರೆ ಅವನ ಸೊಪ್ಪಿನ ಬೆಲೆ ಇನ್ನೊಬ್ಬನ ಬಾಯಲ್ಲಿತ್ತು. ಕಲಿಯದ ಗ್ರಂಥಪಾಲಕರ ಜಾಗಕ್ಕೆ ಕಂಪನಿಯ ಪೆಟ್ಟಿಗೆಯೊಂದನ್ನು ತಂದಿಡಲು ಕಾದಿರುವವರು ಬಹಳ ಮಂದಿ. ನೀವು ಕಲಿತು, ನಾಲ್ವರಿಗೆ ಕಲಿಸಿ, ಊರಿಗೆ ಬೇಕಾದವರಾದರೆ ನಿಮ್ಮ ಸಂಬಳದ ಜಗಳಕ್ಕೆ ಊರೇ ನಿಲ್ಲುತ್ತದೆ.

“ಗ್ರಂಥಾಲಯ ಅರ್ಜಿ ತುಂಬುವ ಕಚೇರಿಯಲ್ಲ” ಎಂದು ಕೆಲವರು ಮೂಗು ಮುರಿದಾರು. ನಿಜ, ಅಲ್ಲ. ಗ್ರಂಥಪಾಲಕರನ್ನು ಕಂದಾಯ ಇಲಾಖೆಯ ಗುಮಾಸ್ತರನ್ನಾಗಿ ಮಾಡುವುದನ್ನು ನಾವೂ ಒಪ್ಪುವುದಿಲ್ಲ. ಆದರೆ ಗಾರ್ಮೆಂಟ್ಸಿನ ಹೆಣ್ಣುಮಗಳೊಬ್ಬಳು ತನ್ನ ಭವಿಷ್ಯನಿಧಿಗೆ ಮಾಲಿಕ ತನ್ನ ಪಾಲು ಕಟ್ಟಿದ್ದಾನೋ ಇಲ್ಲವೋ ಎಂದು ತಾನೇ ಪರದೆಯ ಮೇಲೆ ನೋಡಲು ಕಲಿತರೆ ಅದು ಓದಲ್ಲವೇ? ಅಂಗಡಿಯವನು ಜಿಎಸ್‌ಟಿ ನಿಯಮವನ್ನು ಕನ್ನಡದಲ್ಲಿ ಓದಿ, ಲೆಕ್ಕಿಗನಿಗೆ ತಾನು ಕೊಡುತ್ತಿರುವ ಹಣ ಸರಿಯೇ ಎಂದು ಅಳೆದರೆ ಅದು ವಿದ್ಯೆಯಲ್ಲವೇ? ಕಾದಂಬರಿಯನ್ನು ಓದುವ ಕಣ್ಣೂ ಸಂಬಳದ ಚೀಟಿಯನ್ನು ಓದುವ ಕಣ್ಣೂ ಒಂದೇ. ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ದುಡಿಮೆಯನ್ನೆಲ್ಲ ಸುರಿದು ಹರಳಹಳ್ಳಿಯಲ್ಲಿ ಲಕ್ಷಗಟ್ಟಲೆ ಪುಸ್ತಕಗಳ ಮನೆ ಕಟ್ಟಿದರು. ಪುಸ್ತಕ ಕಾರ್ಮಿಕನಿಗೆ ಸೇರಿದ್ದಲ್ಲ ಎನ್ನುವವರು ಅಲ್ಲಿಗೆ ಹೋಗಿ ನೋಡಿ ಬರಲಿ.

ಆದುದರಿಂದ ನಮ್ಮ ಒತ್ತಾಯ ಇದು. ಗ್ರಂಥಪಾಲಕರ ಕಲಿಕೆ ಕೆಲಸದ ಹೊತ್ತಿನಲ್ಲೇ, ಪೂರ್ಣ ಸಂಬಳದ ಮೇಲೆ, ಬಲ್ಲ ಗುರುಗಳಿಂದ, ಕನ್ನಡದಲ್ಲಿ ನಡೆಯಬೇಕು. ಯಂತ್ರ, ಅಂತರಜಾಲ, ದುರಸ್ತಿ ಎಲ್ಲವೂ ಸಾರ್ವಜನಿಕ ಖರ್ಚಿನದಾಗಬೇಕು. ಗ್ರಂಥಪಾಲಕರ ಸ್ವಂತ ಮೊಬೈಲಿನ ಮೇಲೆ ಸರಕಾರ ಸವಾರಿ ಮಾಡಕೂಡದು. ತಂತ್ರಾಂಶ ಕೋಹಾದಂತೆ ಎಲ್ಲರ ಸೊತ್ತಾದದ್ದೇ ಇರಬೇಕು. ಯಾವ ಓದುಗ ಯಾವ ಪುಸ್ತಕ ತೆಗೆದ ಎಂಬ ಲೆಕ್ಕ ಗ್ರಂಥಾಲಯದ ಗೋಡೆ ದಾಟಕೂಡದು. ವಸೂಲಾದ ಶೇಕಡಾ 6ರ ಕರದ ಒಂದೊಂದು ಪೈಸೆಯೂ ಪುಸ್ತಕಕ್ಕೇ ಸಲ್ಲಬೇಕು.

ಇವು ಬೇಡಿಕೊಂಡರೆ ಬರುವಂಥವಲ್ಲ. ಮುಂದಿನ ಗ್ರಾಮಸಭೆಗೆ ಬರಿಗೈಯಲ್ಲಿ ಹೋಗಬೇಡಿ, ಕಂದಾಯದ ರಸೀದಿ ಹಿಡಿದು ಹೋಗಿ. ಕಳೆದ ವರ್ಷ ಗ್ರಂಥಾಲಯ ಕರವೆಂದು ಎಷ್ಟು ವಸೂಲಾಯಿತು? ಅದರಲ್ಲಿ ಗ್ರಂಥಾಲಯಕ್ಕೆ ಎಷ್ಟು ಮುಟ್ಟಿತು? ಅಲ್ಲಿನ ಯಂತ್ರ ಎಷ್ಟು ದಿನ ನಡೆಯಿತು, ಅದನ್ನು ನಡೆಸುವವರಿಗೆ ಯಾವ ತರಬೇತಿ ಕೊಟ್ಟಿರಿ? ಈ ಮೂರು ಪ್ರಶ್ನೆಗಳನ್ನು ಎದ್ದುನಿಂತು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ. ಬರೆಯದಿದ್ದರೆ ಸಭೆ ಮುಗಿಯಲು ಬಿಡಬೇಡಿ.